ನಮ್ಮ ವಾಳೆಯಲ್ಲಿ ನಡೆದ ನರಕದ ಚರ್ಚೆ

1998ರ ನವೆಂಬರ್ 1, ಭಾನುವಾರ, ಸಂಜೆ ಆರೂ ಮುಕ್ಕಾಲು. ಕಳಸದ ಹತ್ತಿರದ ನಮ್ಮ ಎಸ್ಟೇಟ್ ಕ್ವಾರ್ಟರ್ಸಿನಲ್ಲಿ ವಾಳೆಯ ಪ್ರಾರ್ಥನೆ ಮುಗಿದು ಚರ್ಚೆ ಶುರುವಾದ ಹೊತ್ತು ಅದು. ಡೈರಿಯಲ್ಲಿ ಹಾಗೆಂದೇ ಬರೆದುಕೊಂಡಿದ್ದೇನೆ. ಆಗ ನನಗೆ ಹತ್ತೊಂಬತ್ತು ವರ್ಷ.

ವಾಳೆ ಎಂದರೆ ಒಂದೇ ಚರ್ಚಿಗೆ ಸೇರಿದ, ಅಕ್ಕಪಕ್ಕದಲ್ಲಿರುವ ಮನೆಗಳ ಗುಂಪು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಜಪಮಾಲೆ ಹೇಳಿ, ಸುವಾರ್ತೆಯ ಒಂದು ಭಾಗ ಓದಿ, ಅದರ ಬಗ್ಗೆ ತೋಚಿದ್ದನ್ನು ಮಾತಾಡುತ್ತೇವೆ. ನಮ್ಮ ಮನೆಮಾತು ಕೊಂಕಣಿಯಾದರೂ ವಾಳೆಯಲ್ಲಿ ಎರಡು ತಮಿಳು ಮನೆಗಳಿದ್ದುದರಿಂದ ಎಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಬಂದವರ ಹಾಜರಿ ಹಾಕುವುದು, ಮುಂದಿನ ತಿಂಗಳು ಯಾರ ಮನೆ ಎಂದು ಗುರುತು ಮಾಡಿಕೊಳ್ಳುವುದು ನನ್ನ ಕೆಲಸ. ಯಾರೂ ಹೇಳದಿದ್ದರೂ ಯಾರು ಎಷ್ಟು ಸಲ ಮಾತಾಡಿದರು ಅನ್ನುವುದಕ್ಕೂ ಗೆರೆ ಎಳೆದಿಡುತ್ತಿದ್ದೆ. ಹಾಗೆ ನೋಡಿದರೆ ಅರ್ಧ ಗೆರೆಗಳು ನಮ್ಮ ಅಪ್ಪನವು, ಇನ್ನರ್ಧ ಗುರ್ಕಾರರವು.

ಅಪ್ಪ ಎಸ್ಟೇಟಿನ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವ ಗುಮಾಸ್ತ. ಎಲ್ಲರೂ ರೈಟ್ರೇ ಎಂದೇ ಕರೆಯುತ್ತಿದ್ದರು. ಗುರ್ಕಾರ್ ಎಂದರೆ ವಾಳೆಯ ಹಿರಿಯ. ನಮ್ಮ ಗುರ್ಕಾರರು ಬಡಗಿ. ಬಾಗಿಲು, ಕಿಟಕಿ, ಕಾಫಿ ಒಣಗಿಸುವ ತಟ್ಟೆ ಎಲ್ಲ ಮಾಡುತ್ತಿದ್ದರು. ವಾಳೆಯಲ್ಲಿ ಯಾರು ತೀರಿಕೊಂಡರೂ ಪೆಟ್ಟಿಗೆ ಅವರದೇ.

ಅಂದು ಓದಿದ್ದು ತಪ್ಪಿಹೋದ ಕುರಿಯನ್ನು ಕುರುಬ ಹುಡುಕಿಕೊಂಡು ಹೋಗುವ ಭಾಗ. ಮರುದಿನ ಸತ್ತವರ ಸ್ಮರಣೆಯ ದಿನ. ಸಿಮೆಟ್ರಿಗೆ ಹೋಗಿ ಮೇಣದಬತ್ತಿ ಹಚ್ಚಬೇಕು. ಅದಕ್ಕೇ ಮಾತು ಸತ್ತವರ ಕಡೆ ತಿರುಗಿತು. ಕುರುಬ ಹುಡುಕಿದ್ದು ಕುರಿ ಸಿಗುವವರೆಗೆ, ಕತ್ತಲಾಗುವವರೆಗೆ ಅಲ್ಲ ಎಂದು ಅಪ್ಪ ಶುರು ಮಾಡಿದರು. ಹಾಗಾದರೆ ಕೊನೆಗೆ ಒಬ್ಬರೂ ತಪ್ಪಿಹೋಗುವುದಿಲ್ಲ, ಎಲ್ಲರೂ ಮನೆ ಸೇರುತ್ತಾರೆ, ನರಕ ಅಂತ ಒಂದಿದ್ದರೂ ಅದು ಖಾಲಿ ಎಂದರು. ಜಪಮಾಲೆಯ ಪ್ರತಿ ಹತ್ತು ಮಣಿಗೆ ಒಮ್ಮೆ ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸು ಅಂತ ಬೇಡುತ್ತೇವಲ್ಲ, ಆಗದ ಕೆಲಸವಾದರೆ ಬೇಡಲು ಯಾಕೆ ಕಲಿಸಿದರು ಎಂದೂ ಕೇಳಿದರು.

ಗುರ್ಕಾರರು ಬಿಡಲಿಲ್ಲ. ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕುವ ಮೊದಲು ನೀರಿನ ತೊಟ್ಟಿಗೆ ಸುರಿಯುವುದಿಲ್ಲವೇ, ಗಟ್ಟಿ ಹಣ್ಣು ಮುಳುಗುತ್ತದೆ, ಜೊಳ್ಳು ತೇಲುತ್ತದೆ, ತೇಲಿದ್ದನ್ನು ಬೇರೆ ತೆಗೆಯಲೇಬೇಕು ಎಂದರು.

"ತೆಗೆದು ಎಂಥ ಮಾಡ್ತೇವೆ ಮಾರಾಯ?" ಎಂದರು ಅಪ್ಪ. "ಎಸೀತೇವಾ? ಸಿಪ್ಪೆ ಸಮೇತ ಒಣಗಿಸಿ ಕಮ್ಮಿ ರೇಟಿಗೆ ಚೆರಿ ಅಂತ ಮಾರ್ತೇವೆ."

"ಹಾಗಾದ್ರೆ ಸ್ವರ್ಗದಲ್ಲೂ ಎರಡನೇ ದರ್ಜೆ ಉಂಟು ಅಂತಾಯ್ತು."

"ಇರಲಿ. ನನಗೆ ಅಷ್ಟೇ ಸಾಕು."

ಎಲ್ಲರೂ ನಕ್ಕರು. ಗುರ್ಕಾರರು ನಗಲಿಲ್ಲ. ಅವರು ಗಂಡನ ಹೊಡೆತಕ್ಕೆ ಸತ್ತ ಒಬ್ಬಳು ಹೆಂಗಸಿಗೆ ಪೆಟ್ಟಿಗೆ ಮಾಡಿದ್ದನ್ನು ನೆನಪಿಸಿದರು. ಆ ಗಂಡ ಆಮೇಲೆ ಇನ್ನೊಂದು ಮದುವೆಯಾಗಿ ಮೊಮ್ಮಕ್ಕಳನ್ನು ನೋಡಿ, ಹಾಸಿಗೆಯ ಮೇಲೆ ಸುಖವಾಗಿ ತೀರಿಕೊಂಡ. ಅವನ ಪೆಟ್ಟಿಗೆಯೂ ಇವರೇ ಮಾಡಿದ್ದು. "ಅವಳಿಗೂ ಅವನಿಗೂ ಒಂದೇ ಪಂಕ್ತಿಯಲ್ಲಿ ಊಟವಾ ರೈಟ್ರೇ?" ಎಂದು ಕೇಳಿದರು.

ಅಪ್ಪ, ಪಂಕ್ತಿಗೆ ಕೂರುವ ಮೊದಲು ಅವನು ಅವಳ ಮುಖ ನೋಡಬೇಕಲ್ಲ, ಅದಕ್ಕಿಂತ ದೊಡ್ಡ ಬೆಂಕಿ ಯಾವುದು ಎಂದರು. ಅದು ಸಾಲದು ಎಂದರು ಗುರ್ಕಾರರು. ಅವತ್ತು ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ, ನನಗೂ ಸೇರಿ, ಇಬ್ಬರದೂ ಸರಿ ಅನ್ನಿಸಿತು.

ಆಗ ಅತ್ತೆ ಕಾಫಿ ತಂದರು. ಅತ್ತೆ ಎಂದರೆ ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು; ಮಕ್ಕಳಿರಲಿಲ್ಲ. ವಾಳೆಯ ಚರ್ಚೆಯಲ್ಲಿ ಅವರ ಹೆಸರಿನ ಮುಂದೆ ನಾನು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಅವತ್ತು ಎಲ್ಲರಿಗೂ ಲೋಟ ಕೊಟ್ಟು, ಟ್ರೇ ಕೈಯಲ್ಲೇ ಹಿಡಿದು ಗುರ್ಕಾರರ ಮುಂದೆ ನಿಂತರು.

"ಸಜ್ಜನರದ್ದು ಆಯ್ತು, ದುಷ್ಟರದ್ದು ಆಯ್ತು. ನನ್ನ ಮಗು ಎಲ್ಲುಂಟು? ನೀನು ಹೇಳು ಮಾರಾಯ. ಸತ್ತ ಮೇಲೆ ನಾನು ಅವನನ್ನು ನೋಡ್ತೇನಾ, ಇಲ್ವಾ?"

ಗುರ್ಕಾರರು ಲೋಟದೊಳಗೆ ನೋಡಿದರು. ಅಮ್ಮ ಮುಕ್ತಾಯದ ಕೀರ್ತನೆ ಎತ್ತಿಕೊಂಡರು. ಎಲ್ಲರೂ ಬೇಗ ಬೇಗ ಹಾಡಿ ಮನೆಗೆ ಹೋದರು.

ಅತ್ತೆಗೆ ಒಂದು ಮಗು ಹುಟ್ಟಿತ್ತು ಎಂದು ನನಗೆ ಗೊತ್ತಾದದ್ದೇ ಅವತ್ತು. ಉಳಿದದ್ದನ್ನು ಮರುದಿನ ಸಿಮೆಟ್ರಿಗೆ ನಡೆಯುವಾಗ ಅಮ್ಮ ಹೇಳಿದರು. 1967ರ ಜುಲೈ. ಅತ್ತೆಗೆ ಇಪ್ಪತ್ತೈದು, ಮೊದಲ ಹೆರಿಗೆ, ಗಂಡು ಮಗು. ಅವರಿದ್ದ ಎಸ್ಟೇಟು ಭದ್ರೆಯ ಈಚೆ ದಡದಲ್ಲಿ, ಈಗ ನಾವು ಹೋಗುವ ಇದೇ ಚರ್ಚು ಆಚೆ ದಡದಲ್ಲಿ. ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ನಮ್ಮಲ್ಲಿ ಚೊಚ್ಚಲ ಮಗುವಿನ ಜ್ಞಾನಸ್ನಾನಕ್ಕೆ, ಅಂದರೆ ಬ್ಯಾಪ್ಟಿಸಮ್ಮಿಗೆ, ಅಪ್ಪನ ಕಡೆಯ ಅಜ್ಜ, ಅಮ್ಮನ ಕಡೆಯ ಅಜ್ಜಿ ದೇವತಂದೆ ದೇವತಾಯಿಯಾಗಿ ನಿಲ್ಲಬೇಕು. ಅಜ್ಜಿಯೂ ಆಚೆ ದಡದಲ್ಲೇ ಇದ್ದರು. ಹೊಳೆ ಇಳಿಯಲಿ ಎಂದು ಕಾದರು. ಎಂಟನೆಯ ದಿನ ಮಗು ತೀರಿಕೊಂಡಿತು. ಅದರ ಮರುದಿನ ಹೊಳೆ ಇಳಿಯಿತು.

ಜ್ಞಾನಸ್ನಾನವಿಲ್ಲದೆ ಸತ್ತ ಮಗು ಸ್ವರ್ಗಕ್ಕೆ ಹೋಗುವುದಿಲ್ಲ, ನರಕದ ಬೆಂಕಿಗೂ ಬೀಳುವುದಿಲ್ಲ, ದೇವರ ಮುಖ ಕಾಣದ ಯಾವುದೋ ಅಂಚಿನಲ್ಲಿ ಉಳಿಯುತ್ತದೆ ಎಂದು ಆ ಕಾಲದಲ್ಲಿ ಕಲಿಸುತ್ತಿದ್ದರು. ಅಂಥ ಮಕ್ಕಳನ್ನು ಸಿಮೆಟ್ರಿಯ ಗೋಡೆಯ ಹೊರಗೆ, ಕೆಳಗಿನ ಮೂಲೆಯಲ್ಲಿ ಮಣ್ಣು ಮಾಡುತ್ತಿದ್ದರು. ಗಂಟೆ ಇಲ್ಲ, ಪ್ರಾರ್ಥನೆ ಇಲ್ಲ. ಆಗಿನ ಫಾದರ್ ಕೆಟ್ಟವರಲ್ಲ, ಮಣ್ಣು ಮುಚ್ಚುವವರೆಗೂ ಕೊಡೆ ಹಿಡಿದು ಅಲ್ಲೇ ನಿಂತಿದ್ದರು ಎಂದು ಮಾವ ಹೇಳುತ್ತಿದ್ದರಂತೆ. ಬಾಣಂತಿಯಾದ್ದರಿಂದ ಅತ್ತೆ ಹೋಗಿರಲಿಲ್ಲ. ಮಗುವಿಗೆ ಹೆಸರೂ ಇಲ್ಲ. ಹೆಸರಿಡುವುದು ಜ್ಞಾನಸ್ನಾನದ ದಿನ.

ಅವತ್ತು ಸಿಮೆಟ್ರಿಯಲ್ಲಿ ನಾನು ಅತ್ತೆಯನ್ನೇ ನೋಡುತ್ತಿದ್ದೆ. ಮಾವನ ಸಮಾಧಿಗೆ ಸೇವಂತಿಗೆ ಇಟ್ಟು ಬತ್ತಿ ಹಚ್ಚಿದರು. ಕೆಳಗಿನ ಮೂಲೆಯ ಕಡೆ ಹೋಗಲಿಲ್ಲ. ಗೋಡೆಯಾಚೆ ಆಳೆತ್ತರ ಲಂಟಾನ ಬೆಳೆದಿತ್ತು.

ಗೊತ್ತಿಲ್ಲದ್ದನ್ನು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ ನನಗೆ ಆ ವಯಸ್ಸಿನಲ್ಲಿ ಬಲವಾಗಿತ್ತು. ಡೈರಿಯಲ್ಲಿ ಮೂರು ಕಲಂ ಮಾಡಿದೆ: ನರಕ ಉಂಟು, ಇಲ್ಲ, ಗೊತ್ತಿಲ್ಲ. ವಾಳೆಯ ಮನೆಮನೆಗೆ ಹೋಗಿ ಕೇಳಿದೆ. ಕೆಲವೇ ಮನೆ ದಾಟುವಷ್ಟರಲ್ಲಿ ನಾಲ್ಕನೆಯ ಕಲಂ ಹಾಕಬೇಕಾಯಿತು: ಉಂಟು, ಆದರೆ ನಮ್ಮ ಮನೆಯವರು ಯಾರೂ ಅಲ್ಲಿಲ್ಲ. ಕೊನೆಗೆ ಎಲ್ಲಕ್ಕಿಂತ ಹೆಚ್ಚು ತುಂಬಿದ್ದು ಅದೇ. ಪಕ್ಕದ ತೋಟದ ಗೌಡರ ಹೆಂಡತಿ ನಮ್ಮ ವಾಳೆಯವರಲ್ಲದಿದ್ದರೂ ಅವರನ್ನೂ ಕೇಳಿದೆ. "ನಮ್ಮಲ್ಲಿ ನರಕಕ್ಕೆ ಹೋದ್ರೂ ಯಾವತ್ತೋ ಒಂದಿನ ವಾಪಸ್ ಬರಬಹುದು ಕಣೇ, ನಿಮ್ದು ಒನ್‌ವೇ" ಎಂದು ನಕ್ಕು, ಎರಡು ಕಿತ್ತಳೆ ಕೊಟ್ಟು ಕಳಿಸಿದರು. ಅತ್ತೆಗೆ ಆ ಪುಟ ತೋರಿಸಿದೆ. ನೋಡಿ, "ಚಂದ ಗೆರೆ ಹಾಕಿದ್ದೀಯ" ಎಂದು ವಾಪಸ್ ಕೊಟ್ಟರು.

ಆಮೇಲೆ ಅಪ್ಪ ಫಾದರನ್ನು ಊಟಕ್ಕೆ ಕರೆದರು. ಕೊಟ್ಟಿಗೆಹಾರದ ಕಡೆಯ ಚರ್ಚಿನಿಂದ ಆ ವರ್ಷವೇ ವರ್ಗವಾಗಿ ಬಂದಿದ್ದ ಎಳೆಯ ಫಾದರ್ ಅವರು. ಅತ್ತೆಯ ಪ್ರಶ್ನೆಯನ್ನು ಅರ್ಧಕ್ಕೆ ತಡೆಯದೆ ಪೂರ್ತಿ ಕೇಳಿದರು. ಆ ಅಂಚಿನ ಮಾತು ಧರ್ಮಸಭೆಯ ಕಟ್ಟಕಡೆಯ ತೀರ್ಪು ಯಾವತ್ತೂ ಆಗಿರಲಿಲ್ಲ, ಈಗ ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ, ಧೈರ್ಯವಾಗಿ ಭರವಸೆ ಇಡಬಹುದು ಎಂದರು. ಎಲ್ಲರೂ ಉದ್ಧಾರವಾಗುತ್ತಾರೆ ಎಂದು ಹೇಳಲು ತನಗೆ ಅಧಿಕಾರವಿಲ್ಲ, ಆದರೆ ಎಲ್ಲರಿಗಾಗಿ ಆಸೆಪಡಬಾರದು ಎಂದೂ ಯಾರೂ ಹೇಳಿಲ್ಲ ಎಂದು ಅಪ್ಪನ ಕಡೆ ನೋಡಿದರು. ಅಪ್ಪನಿಗೆ ಖುಷಿಯಾಯಿತು. ಅತ್ತೆ ಅವರಿಗೆ ಇನ್ನೊಂದು ತುಂಡು ಮೀನು ಬಡಿಸಿದರು.

ಫಾದರ್ ಬೈಕ್ ಹತ್ತಿ ಹೋದ ಮೇಲೆ, "ಒಳ್ಳೆ ಹುಡುಗ" ಎಂದರು ಅತ್ತೆ. "ನನ್ನ ಮಗ ಸಾಯುವಾಗ ಇವನು ಹುಟ್ಟೇ ಇರಲಿಲ್ಲ."

ಆ ಉತ್ತರ ಅತ್ತೆಗೆ ಯಾಕೆ ತಟ್ಟಲಿಲ್ಲ ಎಂಬುದು ನನಗೆ ಡಿಸೆಂಬರಿನಲ್ಲಿ ತಿಳಿಯಿತು. ಕ್ರಿಸ್‌ಮಸ್ಸಿನ ಕುಸ್ವಾರಿಗೆ, ಅಂದರೆ ಮನೆಮನೆಗೆ ಹಂಚುವ ತಿಂಡಿಗಳಿಗೆ, ನಾವಿಬ್ಬರೂ ಕಿಡಿಯೊ ಮಾಡುತ್ತ ಕೂತಿದ್ದೆವು. ಚಿಕ್ಕ ಹಿಟ್ಟಿನುಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿಗೆ ಒತ್ತಿ ಸುರುಳಿ ಸುತ್ತಬೇಕು. ಆಮೇಲೆ ಎಣ್ಣೆಯಲ್ಲಿ ಕರಿಯುವುದು. ಕಣ್ಣು ಕೈ ಅಲ್ಲೇ ಇರಬೇಕಾದ ಕೆಲಸ. ಅತ್ತೆ ತಲೆ ಎತ್ತದೆ ಹೇಳಿದರು.

ಅವಸರದಲ್ಲಿ ಜ್ಞಾನಸ್ನಾನ ಕೊಡಲು ಫಾದರೇ ಬೇಕೆಂದಿಲ್ಲ. ಯಾರು ಬೇಕಾದರೂ, ಯಾವ ನೀರಾದರೂ, ಮಗುವಿನ ತಲೆಗೆ ಸುರಿದು ನಾಲ್ಕು ಮಾತು ಹೇಳಿದರೆ ಆಯಿತು. ಧರ್ಮೋಪದೇಶದ ತರಗತಿಯಲ್ಲಿ ಎಲ್ಲರಿಗೂ ಕಲಿಸುತ್ತಾರೆ, ಅತ್ತೆಗೂ ಕಲಿಸಿದ್ದರು. ಏಳನೆಯ ದಿನ ಮಗು ಹಾಲು ಬಿಟ್ಟಾಗ ಅವರಿಗೆ ಅದು ನೆನಪಾಗಿತ್ತು. ಲೋಟದಲ್ಲಿ ನೀರು ತಲೆದೆಸೆಯಲ್ಲೇ ಇತ್ತು. ಮಾಡಿನಿಂದ ಸುರಿಯುತ್ತಿತ್ತು, ಅಂಗಳದಲ್ಲಿ ಹರಿಯುತ್ತಿತ್ತು, ಹೊಳೆ ಪೂರ್ತಿ ನೀರು.

"ಗೊತ್ತಿಲ್ಲದೆ ಅಲ್ಲ ಮಗಾ. ನೀರು ಹಾಕಿದ್ರೆ ಅವನು ಸಾಯ್ತಾನೆ ಅಂತ ನಾನೇ ಒಪ್ಪಿಕೊಂಡ ಹಾಗೆ. ಬದುಕ್ತಾನೆ, ಅಜ್ಜಿಯ ಕೈಯಲ್ಲೇ ಆಗಲಿ ಅಂತ ಲೋಟ ದೂರ ಇಟ್ಟೆ."

ಇಷ್ಟು ಹೇಳಿ, ನನ್ನ ಸುರುಳಿ ಬಿಗಿಯಾಗಿಲ್ಲ, ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಬೈದರು. ಮಗು ಆ ಅಂಚಿನಲ್ಲಿ ಇರುವುದಾದರೆ ಅಲ್ಲಿಗೆ ಕಳಿಸಿದ್ದು ತಾನೇ ಎಂದು ಅವರು ಮೂವತ್ತೊಂದು ವರ್ಷ ನಂಬಿಕೊಂಡು ಬಂದಿದ್ದರು. ಈ ಮಾತನ್ನು ಯಾವ ಪಾಪನಿವೇದನೆಯಲ್ಲೂ ಹೇಳಿರಲಿಲ್ಲ. ಹೇಳಿ ಕ್ಷಮೆ ಪಡೆದರೆ ತಾನು ಸ್ವರ್ಗಕ್ಕೆ, ಮಗು ಹೊರಗೆ; ಅಂಥ ಕ್ಷಮೆ ಬೇಡ ಎಂಬ ಹಟ. ಎಲ್ಲರೂ ಉದ್ಧಾರವಾಗುತ್ತಾರೋ ಇಲ್ಲವೋ ಎಂಬುದು ಅಪ್ಪನಿಗೂ ಗುರ್ಕಾರರಿಗೂ ಸಂಜೆಯ ಚರ್ಚೆ. ಅತ್ತೆಗೆ ಹಾಗಲ್ಲ.

ಡಿಸೆಂಬರಿನ ವಾಳೆ ಪ್ರಾರ್ಥನೆಗೆ ಗುರ್ಕಾರರು ಬರಲಿಲ್ಲ. ನಾನು ಹಾಜರಿ ಬರೆಯಲು ಶುರು ಮಾಡಿದ ಮೇಲೆ ಅವರ ಹೆಸರಿನ ಮುಂದೆ ಗೈರು ಬಿದ್ದದ್ದು ಅದೇ ಮೊದಲು. ಜನವರಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ಕರೆಯದೆಯೇ ಬಂದರು. ನಮ್ಮ ಅಡುಗೆಮನೆಯ ಬಾಗಿಲು ಮಳೆಗಾಲದಲ್ಲಿ ಹಿಗ್ಗಿ ಚೌಕಟ್ಟಿಗೆ ಕೂರುತ್ತಿರಲಿಲ್ಲ. ಅದನ್ನು ಸರಿ ಮಾಡಲು ಅಪ್ಪ ಜೂನಿನಿಂದ ಹೇಳುತ್ತಿದ್ದರು. ಗುರ್ಕಾರರು ಬಾಗಿಲು ಕಳಚಿ ಜಗುಲಿಯಲ್ಲಿ ಅಡ್ಡ ಇಟ್ಟು ಕೀಸುಳಿ ಹಾಕತೊಡಗಿದರು. ಅತ್ತೆ ಅಲ್ಲೇ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಒಳಗಿನ ಮೇಜಿನಲ್ಲಿ ಓದುತ್ತಿದ್ದೆ.

"ಅಕ್ಕಾ, ಆ ಪೆಟ್ಟಿಗೆ ಮಾಡಿದ್ದು ನಾನು" ಎಂದರು, ಬಾಗಿಲಿನಿಂದ ಕಣ್ಣು ತೆಗೆಯದೆ.

"ಗೊತ್ತುಂಟು."

ಮಗು ತೀರಿಕೊಂಡಾಗ ಗುರ್ಕಾರರಿಗೆ ಇಪ್ಪತ್ತೆರಡು. ಅವರ ಅಪ್ಪನಿಗೆ ಜ್ವರವಿತ್ತು. ಒಬ್ಬರೇ ಮಾಡಿದ ಮೊದಲ ಪೆಟ್ಟಿಗೆ ಅದು. ಕಾಫಿ ಒಣಗಿಸುವ ತಟ್ಟೆಗೆಂದು ಕೊಯ್ದಿಟ್ಟಿದ್ದ ಹಲಸಿನ ಹಲಗೆ ತಂದರು. ಜ್ಞಾನಸ್ನಾನ ಆಗದ ಮಗುವಿನ ಪೆಟ್ಟಿಗೆಯ ಮೇಲೆ ಶಿಲುಬೆ ಹಾಕುವ ಹಾಗಿರಲಿಲ್ಲ. ಅದು ಬಡಗಿಗಳಿಗೆ ಅಪ್ಪನಿಂದ ಮಗನಿಗೆ ಬರುವ ಪಾಠ. ಆಚೆ ದಡದಲ್ಲಿ ಫಾದರ್ ನೋಡುತ್ತಾರೆ ಎಂಬುದೂ ಇತ್ತು.

"ಮುಚ್ಚಳದ ಮೇಲೆ ಹಾಕ್ಲಿಲ್ಲ" ಎಂದರು. "ಒಳಗೆ ಹಾಕಿದೆ. ಉಳಿಯಲ್ಲಿ ಎರಡು ಗೀರು, ಅಷ್ಟೇ."

ಅಕ್ಕಿ ಆರಿಸುವ ಸದ್ದು ನಿಂತಿತು. "ಒಳಗೆ ಯಾರಿಗೆ ಕಾಣ್ತದೆ?" ಎಂದು ಕೇಳಿದರು ಅತ್ತೆ.

"ಮಲಗಿದವನಿಗೆ ಕಾಣ್ತದಲ್ಲ."

ಕೀಸುಳಿ ಮಾತ್ರ ನಡೆಯುತ್ತಿತ್ತು. ಆಮೇಲೆ ಅತ್ತೆ, ಆ ಪೆಟ್ಟಿಗೆ ಎಷ್ಟು ಉದ್ದವಿತ್ತು ಎಂದು ಕೇಳಿದರು. ಅವರು ಅದನ್ನು ನೋಡಿರಲಿಲ್ಲ. ಬಾಣಂತಿಯ ಕೋಣೆಯಿಂದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿದ್ದರು. ಗುರ್ಕಾರರು ಕೀಸುಳಿ ಕೆಳಗಿಟ್ಟು ಎರಡು ಕೈ ಚಾಚಿ ಅಳತೆ ತೋರಿಸಿದರು. ಒಳಗೆ ಒರಟಾಗಿತ್ತೇ ಎಂದು ಅತ್ತೆ ಕೇಳಿದರು. ಹೊರಗೆ ಒರಟು ಬಿಟ್ಟರೂ ಒಳಗೆ ಬಿಡಲಿಲ್ಲ, ಕೈಯಾಡಿಸಿದರೆ ಜಾರುವಷ್ಟು ನಯ ಮಾಡಿದ್ದೆ, ಎಳೆ ಚರ್ಮ ಅಲ್ಲವೇ ಎಂದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಇಷ್ಟು ವರ್ಷ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ನಿಯಮ ಮುರಿದದ್ದಲ್ವಾ ಅಕ್ಕಾ. ಆಮೇಲೆ ನನ್ನನ್ನು ಗುರ್ಕಾರ್ ಬೇರೆ ಮಾಡಿದ್ರು."

ಅಷ್ಟರಲ್ಲಿ ಆಫೀಸಿನಿಂದ ಬಂದ ಅಪ್ಪ ಅಂಗಳದಲ್ಲೇ ನಿಂತು ಕೇಳಿಸಿಕೊಂಡಿದ್ದರು. ಚರ್ಚೆ ಗೆದ್ದವರ ಹಾಗೆ, ಹಾಗಾದರೆ ನೀನೂ ನಮ್ಮ ಕಡೆಯವನೇ ಎಂದರು.

"ಸುಮ್ನಿರಿ ರೈಟ್ರೇ" ಎಂದರು ಗುರ್ಕಾರರು. "ನರಕ ಉಂಟು. ಯಾರು ಹೋಗ್ತಾರೆ ನನಗೆ ಗೊತ್ತಿಲ್ಲ. ಆ ಪೆಟ್ಟಿಗೆಯನ್ನು ನಾನು ಅಲ್ಲಿಗೆ ಅಂತ ಮಾಡಿದ್ದಲ್ಲ."

ಬಾಗಿಲು ಕೂರಿಸಿದರು. ಊಟಕ್ಕೆ ಎಷ್ಟು ಕರೆದರೂ ನಿಲ್ಲಲಿಲ್ಲ. ಡೈರಿಯಲ್ಲಿ ಅವರ ಹೆಸರನ್ನು ಯಾವ ಕಲಮಿಗೆ ಬದಲಾಯಿಸಬೇಕೆಂದು ನನಗೆ ತಿಳಿಯಲಿಲ್ಲ. ಹಾಗೇ ಬಿಟ್ಟೆ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅತ್ತೆ ಪಾಪನಿವೇದನೆಗೆ ಹೋಗಿ ಆ ಲೋಟದ ಮಾತು ಹೇಳಿದರು. ಅದು ಪಾಪವೇ ಅಲ್ಲ, ಅದು ತಾಯಿಯ ಆಸೆ ಎಂದು ಎಳೆಯ ಫಾದರ್ ಹೇಳಿದರಂತೆ. ಹೊರಗೆ ಬಂದ ಅತ್ತೆಯ ಮುಖದಲ್ಲಿ ಸಮಾಧಾನಕ್ಕಿಂತ ಸ್ವಲ್ಪ ಬೇಸರವೇ ಇತ್ತು. ಇಷ್ಟು ವರ್ಷ ಹೊತ್ತದ್ದನ್ನು ಮೂರು ನಿಮಿಷದಲ್ಲಿ ಏನೂ ಅಲ್ಲ ಅಂದುಬಿಟ್ಟ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡರು.

1999ರ ನವೆಂಬರ್ 2, ಮಂಗಳವಾರ. ಪೂಜೆ ಮುಗಿದು ಸಮಾಧಿಗಳನ್ನು ಆಶೀರ್ವದಿಸಿದ ಮೇಲೆ ಅತ್ತೆ ಮೇಣದಬತ್ತಿಯ ಒಂದು ಪೂರ್ತಿ ಪ್ಯಾಕೆಟ್ ಹಿಡಿದು ಗೋಡೆಯ ಹೊರಗಿನ ಮೂಲೆಗೆ ಹೊರಟರು. ನಾನೂ ಹಿಂದೆ ಹೋದೆ. ಹಿಂದಿನ ದಿನವೇ ಯಾರೋ ಲಂಟಾನ ಸವರಿ ದಾರಿ ಮಾಡಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ; ಗುರ್ಕಾರರು ಕತ್ತಿ ಹಿಡಿದು ಅಲ್ಲೇ ನಿಂತಿದ್ದರು.

ಆದರೆ ಅಲ್ಲಿ ಗುರುತು ಎಂಬುದು ಒಂದೂ ಇರಲಿಲ್ಲ. ಕಲ್ಲಿಲ್ಲ, ದಿಬ್ಬವಿಲ್ಲ. ಮಳೆಯ ನೀರು ಅಷ್ಟು ವರ್ಷ ಮಣ್ಣು ಕೊಚ್ಚಿ ಜಾಗವೇ ಇಳಿಜಾರಾಗಿತ್ತು. ಹೂತದ್ದು ಎಲ್ಲಿ ಎಂದು ಅತ್ತೆ ಕೇಳಿದರು. ಗುರ್ಕಾರರು ಒಂದು ಕಡೆ ತೋರಿಸಿದರು, ಆಮೇಲೆ ಇನ್ನೊಂದು ಕಡೆ. ಕೊನೆಗೆ ಗೊತ್ತಾಗುತ್ತಿಲ್ಲ ಎಂದು ಒಪ್ಪಿಕೊಂಡರು. ಆ ಇಳಿಜಾರಿನಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಅವರ ಅಪ್ಪ ಮಾಡಿದ ಪೆಟ್ಟಿಗೆಗಳೂ ಇದ್ದವು, ಪೆಟ್ಟಿಗೆಯೇ ಇಲ್ಲದೆ ಬಟ್ಟೆಯಲ್ಲಿ ತಂದವೂ ಇದ್ದವು.

ಅತ್ತೆ ಒಂದು ಬತ್ತಿ ಹಚ್ಚಿ ಕೈಯಲ್ಲಿ ಹಿಡಿದು ಸುತ್ತ ನೋಡಿದರು. ಎಲ್ಲಿ ಇಡುವುದು ಎಂದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

"ನನ್ನವನು ಯಾವ ಕಡೆ ಅಂತ ಗೊತ್ತಿಲ್ಲ. ಹಾಗಾದ್ರೆ ಎಲ್ಲ ಕಡೆ ಇಡೋದು" ಎಂದರು.

ಪ್ಯಾಕೆಟ್ ಮುಗಿಯುವವರೆಗೆ ಇಳಿಜಾರಿನ ಮೇಲಿನಿಂದ ಕೆಳಗಿನವರೆಗೆ ಬತ್ತಿ ಇಡುತ್ತ ಹೋದರು. ಗಾಳಿಗೆ ಆರಿದ್ದನ್ನು ಗುರ್ಕಾರರು ಅಂಗೈ ಮರೆ ಮಾಡಿ ಮತ್ತೆ ಹಚ್ಚಿದರು. ಗೋಡೆಯ ಮೇಲಿಂದ ನೋಡುತ್ತಿದ್ದ ಅಪ್ಪ ಒಂದು ಮಾತೂ ಆಡಲಿಲ್ಲ. ಅದು ಅವರಿಗೆ ಸುಲಭದ ಕೆಲಸವಲ್ಲ. ಮುಂದಿನ ವರ್ಷ ತಮಿಳು ಮನೆಯ ಅಜ್ಜಿಯೊಬ್ಬರು ತಮ್ಮ ಪ್ಯಾಕೆಟ್ ಹಿಡಿದು ಅಲ್ಲಿಗೆ ಬಂದರು. ಅವರಿಗೂ ಅಲ್ಲಿ ಒಂದು ಮಗುವಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರ ಮುಂದಿನ ವರ್ಷ ಕುದುರೆಮುಖದ ಬಸ್ಸಿನಲ್ಲಿ ಇಬ್ಬರು ಬಂದಿಳಿದರು.

2007ರಲ್ಲಿ, ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಮಕ್ಕಳ ಉದ್ಧಾರಕ್ಕಾಗಿ ಭರವಸೆ ಇಡಲು ಗಟ್ಟಿ ಕಾರಣಗಳಿವೆ ಎಂದು ರೋಮಿನಿಂದ ಹೇಳಿಕೆ ಬಂದ ಸುದ್ದಿಯನ್ನು ಅಪ್ಪ ಪೇಪರಿನಿಂದ ಗಟ್ಟಿಯಾಗಿ ಓದಿದರು. ಅತ್ತೆ ಕಾಫಿ ಸೋಸುತ್ತ, "ಈಗ ತಿಳೀತಾ ಅವರಿಗೆ" ಎಂದಷ್ಟೇ ಅಂದರು. ಎಲ್ಲರೂ ಉದ್ಧಾರವಾಗುತ್ತಾರೋ ಎಂಬ ಚರ್ಚೆ ನಮ್ಮ ವಾಳೆಯಲ್ಲಿ ಇನ್ನೂ ಮುಗಿದಿಲ್ಲ; ಹೋದ ತಿಂಗಳೂ ಗುರ್ಕಾರರು ಮತ್ತು ಅಪ್ಪ ಕಾಫಿ ಆರುವವರೆಗೆ ಜಗಳವಾಡಿದರು.

ಅತ್ತೆಗೆ ಈಗ ಅರವತ್ತಾರು. ಇದನ್ನು ಬರೆಯಲು ಹೇಳಿದವರು ಅವರೇ. ಕಳಸ, ಮೂಡಿಗೆರೆ, ಮಲ್ಲಂದೂರು ಕಡೆಯ ಎಸ್ಟೇಟುಗಳಲ್ಲಿ ಹೆಸರಿಡುವ ಮೊದಲೇ ತೀರಿಕೊಂಡು, ಹೀಗೆ ಗೋಡೆಯ ಹೊರಗೆ ಮಲಗಿರುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ, ಯಾವ ವರ್ಷ, ಹೂತದ್ದು ಯಾವ ಕಡೆ, ನೆನಪಿದ್ದಷ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ನಿಮಗೆ ಬರಲು ಆಗದಿದ್ದರೆ ಅದನ್ನೂ ತಿಳಿಸಿ. ನವೆಂಬರ್ 2ಕ್ಕೆ ಅತ್ತೆ ಹೆಚ್ಚಿಗೆ ಬತ್ತಿ ತರಿಸುತ್ತಾರೆ.